ಲಾರಿ ಕಾರ್ಖಾನೆಯವರು ಕಪ್ ಗೆದ್ದ ಊರಿಗೆ

ಲಂಡನ್‌ನ ಮೂರು ದಿನ ಬಿಟ್ಟುಬಿಡುತ್ತೇನೆ. ಎಲ್ಲರೂ ನೋಡುವುದನ್ನೇ ನೋಡಿದೆವು, ಕಾಲು ನೋವಾಯಿತು. ಆಮೇಲೆ ಮ್ಯಾಂಚೆಸ್ಟರ್‌ನಲ್ಲಿ ಮಗಳ ಮನೆ. ಅವಳು ಕೆಲಸಕ್ಕೆ ಹೊರಟರೆ ನಾನೊಬ್ಬನೇ. ಹೊರಗೆ ಮಳೆ. ಸುಮ್ನೆ ಕೂರುವ ಬದಲು ಅಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂಗೆ ಹೋದೆ. ಮಕ್ಕಳು ಪೆನಾಲ್ಟಿ ಹೊಡೆಯುವ ಆಟಗಳದ್ದೇ ಗದ್ದಲ, ನನಗೆ ಹಿಡಿಸಲಿಲ್ಲ. ಹಿಡಿಸಿದ್ದು ಲಿಲಿ ಪಾರ್ ಎಂಬ ಹೆಣ್ಣುಮಗಳ ಕಂಚಿನ ಪ್ರತಿಮೆ.

ಪ್ರೆಸ್ಟನ್‌ನ ಡಿಕ್, ಕೆರ್ ಕಾರ್ಖಾನೆಯ ತಂಡದಲ್ಲಿ ಆಡಿದವಳು ಅವಳು. 1920ರ ಕ್ರಿಸ್ಮಸ್ ಮರುದಿನ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಆ ತಂಡದ ಆಟ ನೋಡಲು ಸುಮಾರು 53,000 ಜನ ಸೇರಿದ್ದರಂತೆ. ಮುಂದಿನ ಡಿಸೆಂಬರ್‌ನಲ್ಲೇ ಫುಟ್‌ಬಾಲ್ ಅಸೋಸಿಯೇಷನ್, ಆಟ ಹೆಂಗಸರಿಗೆ ತಕ್ಕುದಲ್ಲ ಎಂದು ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಸುಮಾರು ಐವತ್ತು ವರ್ಷ ಹಾಗೇ ನಡೆಯಿತು. ಹೆಂಗಸರ ರಾಷ್ಟ್ರೀಯ ಕಪ್‌ನ ಮೊದಲ ಫೈನಲ್ ಆಗಿದ್ದು 1971ರಲ್ಲಿ.

ಅವತ್ತು ರಾತ್ರಿ ಹಳೆಯ ವಿಜೇತರ ಪಟ್ಟಿ ಹಿಡಿದು ಕೂತೆ. ಈಚಿನ ವರ್ಷಗಳ ಆರ್ಸೆನಲ್, ಚೆಲ್ಸಿಗಳು ಎಲ್ಲರಿಗೂ ಗೊತ್ತಿರುವ ಹೆಸರುಗಳು. ಹಿಂದೆ ಹಿಂದೆ ಹೋದಂತೆ ಮಜಾ ಜಾಸ್ತಿ. ಹೌಬರಿ ಗ್ರೇಂಜ್. ಫ್ರೆಂಡ್ಸ್ ಆಫ್ ಫುಲಮ್. ಲೀಸೊ ಪೆಸಿಫಿಕ್. ಯಾವುದೋ ಹಡಗಿನ ಹೆಸರಿನ ಹಾಗಿದೆ, ಅಲ್ವಾ? ಆರು ಸಲ ಕಪ್ ಎತ್ತಿದ ಡಾನ್‌ಕಾಸ್ಟರ್ ಬೆಲ್ಸ್ ತಂಡ ಕಟ್ಟಿದ್ದು, ಗಂಡಸರ ಪಂದ್ಯಗಳಲ್ಲಿ ಲಾಟರಿ ಟಿಕೆಟ್ ಮಾರುತ್ತಿದ್ದ ಹುಡುಗಿಯರು. ಮೊದಲ ಹನ್ನೊಂದು ವರ್ಷದಲ್ಲಿ ಸೌತಾಂಪ್ಟನ್ ಹತ್ತು ಫೈನಲ್ ಆಡಿ ಎಂಟು ಗೆದ್ದಿದೆ. ಸೋತಿದ್ದು ಎರಡೇ. ಅದರಲ್ಲಿ ಮೊದಲನೆಯದು 1974ರಲ್ಲಿ, 2-1. ಸೋಲಿಸಿದ್ದು ಫೋಡನ್ಸ್.

ಫೋಡನ್ ಅಂದರೆ ಲಾರಿ! ನಮ್ಮಪ್ಪ ಲಾರಿ ಡ್ರೈವರ್. ಬೇರೆ ಮಕ್ಕಳು ಕಾರಿನ ಹೆಸರು ಕಲಿತರೆ ನಾನು ಕಲಿತಿದ್ದು ಲಾರಿಗಳದ್ದು. ಉಗಿಯಲ್ಲಿ ಓಡುವ ಲಾರಿ ಮಾಡುತ್ತಿದ್ದ ಕಂಪನಿ ಇದು. ಅದರ ಕಾರ್ಖಾನೆಯ ಹೆಸರು ಹೊತ್ತ ಹೆಂಗಸರ ತಂಡ ಇಂಗ್ಲೆಂಡಿನ ಕಪ್ ಗೆದ್ದಿತ್ತೇ? ಊರು ಚೆಶರ್‌ನ ಸ್ಯಾಂಡ್‌ಬ್ಯಾಚ್. ಮ್ಯಾಂಚೆಸ್ಟರ್‌ನಿಂದ ಹತ್ತಿರವೇ. ಮಗಳು ನಕ್ಕಳು. "ಅಪ್ಪಾ, ಎಲ್ಲರೂ ಓಲ್ಡ್ ಟ್ರಾಫರ್ಡ್ ಸ್ಟೇಡಿಯಂ ನೋಡೋಕೆ ಹೋಗ್ತಾರೆ."

ಇಲ್ಲೊಂದು ಮಾತು, ಇನ್ನೂ ಹೊಟ್ಟೆ ಉರಿಯುತ್ತಿರುವುದರಿಂದ ಹೇಳುತ್ತಿದ್ದೇನೆ. ಸ್ಟೇಷನ್ನಿನಲ್ಲಿ ಒಬ್ಬರನ್ನು ಕೇಳಿದರೆ "ಕ್ರೂಗೆ ಹೋಗುವ ಯಾವ ರೈಲಾದರೂ ಸರಿ" ಎಂದರು. ಸರಿಯಲ್ಲ! ವೇಗದ ರೈಲು ಸ್ಯಾಂಡ್‌ಬ್ಯಾಚ್‌ನಲ್ಲಿ ನಿಲ್ಲುವುದಿಲ್ಲ. ಕಿಟಕಿಯಲ್ಲಿ ಜಾಡ್ರೆಲ್ ಬ್ಯಾಂಕ್‌ನ ದೊಡ್ಡ ರೇಡಿಯೋ ದೂರದರ್ಶಕ ಬಾಣಲೆಯ ಹಾಗೆ ಕಂಡಿತು. ಅದನ್ನೇ ನೋಡುತ್ತಿದ್ದ ಹಾಗೆ ನಾನು ಇಳಿಯಬೇಕಾದ ಪ್ಲಾಟ್‌ಫಾರ್ಮ್ ಸರ್ರನೆ ಹಿಂದೆ ಹೋಯಿತು. ಕ್ರೂನಲ್ಲಿ ಚಳಿಯಲ್ಲಿ ಮುಕ್ಕಾಲು ಗಂಟೆ ಕಾದು ಒಂದು ಸ್ಟೇಷನ್ ವಾಪಸ್ ಬಂದೆ. ಹತ್ತುವ ಮೊದಲು ನಿಲ್ಲುವ ಊರುಗಳ ಪಟ್ಟಿಯನ್ನು ಬೋರ್ಡಿನಲ್ಲಿ ನೀವೇ ಓದಿ. ಇನ್ನೊಂದು: ಸಂತೆ ನೋಡಬೇಕಿದ್ದರೆ ಗುರುವಾರ ಹೋಗಿ.

ಸ್ಟೇಷನ್ ಇರುವುದು ಎಲ್ವರ್ತ್ ಎಂಬಲ್ಲಿ. ಕಾರ್ಖಾನೆಯೂ ಅಲ್ಲೇ ಇತ್ತು. ಈಗ ಕೆಂಪಿಟ್ಟಿಗೆಯ ಸಾಲು ಮನೆಗಳು. 1980ರಲ್ಲಿ ಅಮೆರಿಕದವರು ಕಂಪನಿ ಕೊಂಡರು, 2006ರಲ್ಲಿ ಫೋಡನ್ ಹೆಸರಿನ ಲಾರಿಯೂ ನಿಂತಿತು. ಕಪ್ ಗೆದ್ದವರ ಬಗ್ಗೆ ಒಂದು ಫಲಕ ಇದೆಯೇನೋ ಎಂದು ಸುತ್ತಾಡಿದೆ. ನನ್ನ ಕಣ್ಣಿಗೆ ಬೀಳಲಿಲ್ಲ. ದಾರಿಯಲ್ಲಿ ಕೇಳಿದ ಇಬ್ಬರೂ "ಬ್ಯಾಂಡ್ ಕೇಳೋಕೆ ಬಂದ್ರಾ?" ಎಂದರು. ಕಾರ್ಖಾನೆ ಹೋದರೂ ಫೋಡನ್ಸ್ ಹಿತ್ತಾಳೆ ವಾದ್ಯದ ಬ್ಯಾಂಡ್ ಉಳಿದಿದೆ, ಬಲು ಹೆಸರುವಾಸಿ.

ಊರ ನಡುವೆ, ಕಲ್ಲು ಹಾಸಿದ ಚೌಕದಲ್ಲಿ, ಒಂಬತ್ತನೇ ಶತಮಾನದ ಎರಡು ಕಲ್ಲಿನ ಶಿಲುಬೆಗಳಿವೆ. ಪ್ರವಾಸಿಗಳು ಬರುವುದು ಅದಕ್ಕೇ. ನಾನು ಎರಡು ನಿಮಿಷ ನೋಡಿ ಸಂತೆಯ ಕಡೆ ಹೊರಟೆ. ಚೆಶರ್ ಚೀಸ್ ಸ್ವಲ್ಪ ಕೊಂಡೆ. ಮುಟ್ಟಿದರೆ ಪುಡಿಯಾಗುತ್ತದೆ, ಹಿತವಾದ ಹುಳಿ, ಚೆನ್ನಾಗಿದೆ. ಟೀ ಬಗ್ಗೆ ಹೇಳುವುದೇ ಬೇಡ. ಬಿಸಿನೀರಿಗೆ ಚೀಲ ಅದ್ದಿ ಕೊಡುತ್ತಾರೆ.

ಆ ಟೀ ಕುಡಿಯುವಾಗಲೇ ಪಕ್ಕದಲ್ಲಿ ಒಂದು ವಯಸ್ಸಾದ ಜೋಡಿ ಸಿಕ್ಕಿತು. ಅಜ್ಜ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲಾರಿಗೆ ಬಣ್ಣ ಹೊಡೆದವರು. ಅಪ್ಪನ ವಿಷಯ ಹೇಳಿದ್ದೇ ತಡ, ಗೇರ್‌ಬಾಕ್ಸಿನಿಂದ ಶುರು ಮಾಡಿದರು. ಕಾಲು ಗಂಟೆ ಆಯಿತು. ಕೊನೆಗೆ ನಾನೇ ನಡುವೆ ಬಾಯಿ ಹಾಕಿದೆ.

"ನಿಮ್ಮ ಹೆಂಗಸರ ತಂಡ ಕಪ್ ಗೆದ್ದಿತ್ತಲ್ಲ?"

"ಓ, ಅದಾ. ಇತ್ತು, ಇತ್ತು. ನಾವು ನಗುತ್ತಿದ್ದೆವು. ನೋಡೋಕೆ ಯಾರು ಹೋಗ್ತಿದ್ರು?"

ಅಜ್ಜಿ ಅಲ್ಲಿಯವರೆಗೆ ಕೇಕಿನ ಚೂರುಗಳನ್ನು ಬೆರಳ ತುದಿಯಲ್ಲಿ ಒತ್ತಿ ಒತ್ತಿ ಎತ್ತಿಕೊಳ್ಳುತ್ತಿದ್ದರು. ತಲೆ ಎತ್ತದೆ ಹೇಳಿದರು. "ನಾನು ಹೋಗಿದ್ದೆ."

"ಎಲ್ಲಿಗೆ?"

"ಫೈನಲ್‌ಗೆ. ಬಸ್ಸಿನಲ್ಲಿ."

"ನೀನಾ? ಯಾವಾಗ?"

"ಅಕ್ಕನ ಮನೆಗೆ ಹೋಗ್ತೀನಿ ಅಂದಿದ್ದೆನಲ್ಲ, ಆವತ್ತು."

ಅಜ್ಜ ಕಪ್ ಕೆಳಗಿಟ್ಟರು. ಐವತ್ತು ವರ್ಷದ ಹಿಂದಿನ ಶನಿವಾರವೋ ಭಾನುವಾರವೋ, ಅದನ್ನು ಈಗ ಹುಡುಕುತ್ತಿದ್ದವರ ಹಾಗಿತ್ತು ಮುಖ. ಅಜ್ಜಿ ನನ್ನ ಕಡೆ ತಿರುಗಿದರು. ಅಲ್ಲಿನ ಅಜ್ಜಿಯರು ಗುರುತಿಲ್ಲದವರನ್ನೂ 'ಲವ್' ಅಂತಲೇ ಕರೆಯುತ್ತಾರೆ.

"ಹೇಳಿದ್ದರೆ ನಗ್ತಿದ್ರು, ಲವ್. ಅದಕ್ಕೇ ಹೇಳಲಿಲ್ಲ. ಕಿರುಚಿ ಕಿರುಚಿ ಗಂಟಲು ಕಟ್ಟಿತ್ತು. ಮನೆಗೆ ಬಂದು ನೆಗಡಿ ಅಂದೆ."

"ಆ ನೆಗಡಿ ನನಗೆ ನೆನಪಿದೆ," ಅಂದರು ಅಜ್ಜ. "ನಾನೇ ಸೂಪ್ ಮಾಡಿಕೊಟ್ಟಿದ್ದೆ."

"ಚೆನ್ನಾಗಿರಲಿಲ್ಲ."

ಮಗಳು ಲಂಡನ್‌ನ ವೆಂಬ್ಲಿ ಸ್ಟೇಡಿಯಂನ ಲೆಕ್ಕ ಹೇಳಿದ್ದಳು. ಇದೇ ಹೆಂಗಸರ ಕಪ್‌ನ 2023ರ ಫೈನಲ್‌ಗೆ 77,390 ಜನ. ಅದನ್ನು ಅಜ್ಜಿಗೆ ಹೇಳಿದೆ. "ಟೀವಿಯಲ್ಲಿ ನೋಡಿದೆ," ಅಂದರು. "ಇವರು ಪಕ್ಕದಲ್ಲೇ ನಿದ್ದೆ ಹೊಡೀತಿದ್ರು."

ನನ್ನ ರೈಲಿಗೆ ಹೊತ್ತಾಗಿತ್ತು. ಈ ಸಲ ಬೋರ್ಡ್ ಓದಬೇಕಲ್ಲ. ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಅಜ್ಜನ ದನಿ ಕೇಳಿತು, ಮೆಲ್ಲಗೆ.

"ಎಷ್ಟಕ್ಕೆ ಎಷ್ಟು ಗೆದ್ರು?"