ಕೆನಡಾದ ಅಂಗಳದಾಗ ಹಕ್ಕರಕಿಯ ದಾಯಾದಿ

ಮೇ ತಿಂಗಳು ಬಂತೆಂದರೆ ಒಂಟಾರಿಯೊದಲ್ಲಿ ಹುಲ್ಲಿನ ಅಂಗಳದ ತುಂಬ ಡ್ಯಾಂಡೆಲಿಯನ್ ಹಳದಿ ಹೂವು. ಮನೆಮನೆಯವರೂ ಕುರ್ಪಿ ಹಿಡಿದು ಅದರ ಬೆನ್ನು ಹತ್ತುತ್ತಾರೆ. ಮೊನ್ನೆ ಬಾಜೂ ಮನೆಯ ಇಟಲಿಯ ಅಜ್ಜಿ ನಮ್ಮ ಕಸದ ಚೀಲ ಇಣುಕಿ ನೋಡಿ, "ಉಣ್ಣೋದನ್ನ ಕಿತ್ತು ಚೆಲ್ಲುತ್ತೀರಲ್ಲ, ನಿಮ್ಮ ಕಡೆ ಇದನ್ನು ತಿನ್ನೋದಿಲ್ಲವೇನು?" ಎಂದು ಕೇಳಿಯೇಬಿಟ್ಟರು.

ತಿನ್ನದೆ ಏನು! ಬಾಗಲಕೋಟೆ, ವಿಜಯಪುರದ ಕಡೆ ಇದರಂಥದ್ದೇ ಹಕ್ಕರಕಿ ಸೊಪ್ಪು ಇಲ್ಲದ ರೊಟ್ಟಿ ಊಟ ಊಟವೇ ಅಲ್ಲ. ಸೇವಂತಿಗೆ, ಕುಸುಬೆ, ಗುರೆಳ್ಳು ಸೇರಿದ ಮನೆತನದ್ದೇ ಹಕ್ಕರಕಿ, ಡ್ಯಾಂಡೆಲಿಯನ್ನೂ ಅದರದೇ ದಾಯಾದಿ. ನೆಲಕ್ಕಂಟಿದ ಎಲೆ, ಮುರಿದರೆ ಬಿಳಿ ಹಾಲು, ಹಳದಿ ಹೂವು, ಗಾಳಿಗೆ ಹಾರುವ ಬೀಜ ಎರಡಕ್ಕೂ ಉಂಟು. ಗುರುತು ಹಿಡಿಯಬೇಕೆಂದರೆ ಹೂವಿನ ದಂಟು ನೋಡಬೇಕು. ಡ್ಯಾಂಡೆಲಿಯನ್ ದಂಟು ಪೊಳ್ಳು, ಕವಲಿಲ್ಲ, ಎಲೆಯಿಲ್ಲ, ತುದಿಗೆ ಒಂದೇ ಹೂವು. ಹಕ್ಕರಕಿಯದು ಕವಲೊಡೆಯುತ್ತದೆ. ಇಲ್ಲಿನ ಅಂಗಡಿಯಲ್ಲಿ ಡ್ಯಾಂಡೆಲಿಯನ್ ಎಂದು ಚೀಟಿ ಅಂಟಿಸಿದ ಉದ್ದೆಲೆಯ ಸಿವುಡು ಬಹಳ ಸಲ ಚಿಕೋರಿ ಜಾತಿಯದು. ಅದರ ಹೂವು ನೀಲಿ.

ಇಟಲಿಯ ಅಜ್ಜಿ ಡ್ಯಾಂಡೆಲಿಯನ್ನನ್ನೇ ಮಡಿ ಮಾಡಿ ಬೆಳೆಯುತ್ತಾರೆ. ತಾಯಿಬೇರು ನೇರವಾಗಿ ಕೆಳಗಿಳಿಯುವುದರಿಂದ ಮಣ್ಣನ್ನು ಒಂದಡಿ ಆಳ ಸಡಿಲ ಮಾಡಬೇಕು. ಬೀಜಕ್ಕೆ ಬೆಳಕು ಬೇಕು. ಮೇಲೆ ಉದುರಿಸಿ, ಅಂಗೈಯಿಂದ ಒತ್ತಿ, ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಮುಚ್ಚಬಾರದು. ಆಳಕ್ಕೆ ಹೋದ ಬೀಜ ಏಳುವುದಿಲ್ಲ. ಹಸಿ ಆರದಂತೆ ನೋಡಿಕೊಂಡರೆ ಎರಡು ವಾರದ ಆಸುಪಾಸಿನಲ್ಲಿ ಮೊಳಕೆ. ಆಮೇಲೆ ಗಿಡದಿಂದ ಗಿಡಕ್ಕೆ 15ರಿಂದ 20 ಸೆಂಟಿಮೀಟರ್ ಬಿಟ್ಟು ಉಳಿದದ್ದನ್ನು ಕಿತ್ತು ಪಲ್ಯ ಮಾಡಿಬಿಡಬೇಕು.

ಕಹಿಯೇ ಇದರ ದೊಡ್ಡ ತಕರಾರು. ನೀರು ಕಡಿಮೆಯಾಗಿ ಬಿಸಿಲು ಏರಿದರೂ, ಹೂವು ಬಿಟ್ಟರೂ ಎಲೆ ಬಾಯಿಗಿಡಲಾಗದಷ್ಟು ಕಹಿ. ಅದಕ್ಕೆ ಮೊಗ್ಗು ಕಾಣುವ ಮೊದಲೇ ಕೊಯ್ಯಬೇಕು. ಇಟಲಿ, ಫ್ರಾನ್ಸಿನವರ ಇನ್ನೊಂದು ಉಪಾಯವೆಂದರೆ ಗಿಡದ ಮೇಲೆ ಮಣ್ಣಿನ ಕುಂಡ ಬೋರಲು ಹಾಕಿ, ತಳದ ತೂತು ಮುಚ್ಚಿ, ಒಂದು ವಾರದಿಂದ ಹತ್ತು ದಿನ ಕತ್ತಲಲ್ಲಿಡುವುದು. ಎಲೆ ಬೆಳ್ಳಗೆ, ಮೆತ್ತಗೆ ಆಗುತ್ತದೆ, ಕಹಿ ಇಳಿಯುತ್ತದೆ. ಎಲೆ ಒದ್ದೆಯಿದ್ದಾಗ ಮುಚ್ಚಿದರೆ ಮಾತ್ರ ಒಳಗೇ ಕೊಳೆತು ಗೊಂಡೆಹುಳ ಸೇರಿಕೊಳ್ಳುತ್ತದೆ. ಕೊಯ್ಯುವಾಗ ಚಾಕು ನೆಲದ ಮಟ್ಟಕ್ಕಿಂತ ತುಸು ಕೆಳಗೆ ಹೋದರೆ ಎಲೆಯೆಲ್ಲ ಒಂದೇ ಗುಚ್ಛವಾಗಿ ಬರುತ್ತದೆ, ಉಳಿದ ಬೇರು ಮತ್ತೆ ಚಿಗುರುತ್ತದೆ. ಕೀಳುವವರಿಗೆ ತಲೆನೋವೂ ಅದೇ: ಬೇರಿನ ಸಣ್ಣ ತುಂಡು ಉಳಿದರೂ ಹೊಸ ಗಿಡ! ಬೀಜ ಕಟ್ಟಲು ಪರಾಗವೂ ಬೇಕಿಲ್ಲ ಈ ಮಹಾತಾಯಿಗೆ.

ಮೊದಲೆಲ್ಲ ಇಲ್ಲಿ ಅಂಗಳದ ಹುಲ್ಲಿಗೆ 2,4-ಡಿ ಎಂಬ ಕಳೆನಾಶಕ ಎಣ್ಣೆ ಹೊಡೆಯುತ್ತಿದ್ದರು. ಅದು ಅಗಲೆಲೆಯ ಗಿಡವನ್ನು ಕೊಂದು ಹುಲ್ಲಿನ ಜಾತಿಯನ್ನು ಬಿಡುತ್ತದೆ. 2009ರಿಂದ ಒಂಟಾರಿಯೊ ಅಂಗಳದ ಚಂದಕ್ಕೆಂದು ಅದನ್ನು ಬಳಸುವುದನ್ನೇ ನಿಷೇಧಿಸಿತು. ಹೊಲಕ್ಕೆ ಆ ನಿಷೇಧವಿಲ್ಲ. ಅದೇ ಎಣ್ಣೆಯನ್ನು ನಮ್ಮ ಕಡೆ ಕಬ್ಬು, ಗೋವಿನಜೋಳಕ್ಕೆ ಹೊಡೆಯುತ್ತಾರೆ. ಕಬ್ಬೂ ಹುಲ್ಲಿನ ಜಾತಿ, ಬದುಕುತ್ತದೆ. ಸಾಯುವುದು ಹಕ್ಕರಕಿ. ಫೋನಿನಲ್ಲಿ ಅವ್ವನಿಗೆ ಅಜ್ಜಿಯ ಮಡಿಯ ಸುದ್ದಿ ಹೇಳಿದರೆ, "ಹೊಲದಾಗ ಪುಕ್ಕಟ ಸಿಗ್ತಿದ್ದದ್ದು ಈಗ ಸಂತ್ಯಾಗ ರೊಕ್ಕ ಕೊಟ್ಟ ತರೋದಾಗೇತಿ ನೋಡಪಾ" ಎಂದಳು. ಹೊಲದ ಕಳೆ ತೆಗೆಯುವ ಹೆಂಗಸರು ಹಕ್ಕರಕಿಯನ್ನು ಉಡಿ ತುಂಬ ಹರಿದು ತಂದು, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಒಂದು ಹನಿ ಹಸಿ ಎಣ್ಣೆ ಹಾಕಿ ಕಲಸಿದ ಪಚಡಿ. ಎಳ್ಳಮಾಸಿಗೆ ಚರಗ ಚೆಲ್ಲಿ ಹೊಲದಲ್ಲೇ ಉಣ್ಣಲು ಕೂತಾಗ ಸಜ್ಜಿ ರೊಟ್ಟಿಗೆ ಅದರ ಜೋಡಿ. ಪುಕ್ಕಟೆ ಸಿಗುವ ಸೊಪ್ಪಿಗೆ ನಾವು ಎಂದೂ ಬೆಲೆ ಕಟ್ಟಲಿಲ್ಲ ಎನ್ನುವುದೂ ನಿಜ.

ಬಾವಿ ಬದಿಗೆ ಮೆಂತ್ಯದ ಮಡಿ ಇದ್ದವರು ಕಳೆನಾಶಕ ತಾಗದ ಒಂದು ಅಂಚಿನಲ್ಲಿ ನಾಲ್ಕಾರು ಹಕ್ಕರಕಿ ಗಿಡ ಕೊಯ್ಯದೆ ಬಿಡಿ. ಹೂವು ಬಾಡಿ ಬಿಳಿ ಕೂದಲು ಇಣುಕಿದ ಕೂಡಲೇ ತೆಳು ಬಟ್ಟೆಯ ಚೀಲ ಕಟ್ಟಿ, ಇಲ್ಲದಿದ್ದರೆ ಬೀಜ ಗಾಳಿಯ ಪಾಲು. ಒಣಗಿದ ಮೇಲೆ ಉಜ್ಜಿ ಕೂದಲು ತೆಗೆದು, ಹಿಡಿ ಉಸುಕಿನಲ್ಲಿ ಕಲಸಿ ಬಿತ್ತಿದರೆ ಗುಂಪುಗೂಡದೆ ಸಮನಾಗಿ ಬೀಳುತ್ತದೆ.