ಚಳಿಗಾಲದ ಕಾರ್ಗೋ ಟ್ರೈಲರ್: ಬೆವರುವ ಕಂಬಿಗಳು
ಅಮೆರಿಕದ ಮಿನ್ನೆಸೋಟಾದ ಜನವರಿಯಲ್ಲಿ, ವಾಹನದ ಹಿಂದೆ ಎಳೆದೊಯ್ಯುವ 6×12 ಅಡಿಯ ಮುಚ್ಚಿದ ಟ್ರೈಲರ್ ಒಳಗೆ ಮಲಗುವವರನ್ನು ಚಳಿಗಿಂತ ಹೆಚ್ಚು ಕಾಡುವುದು ತೇವ. ಗೋಡೆಯ ಕಂಬಿಗಳ ನಡುವೆ ಒಂದೂವರೆ ಇಂಚಿನ ಫೋಮ್ ಹಲಗೆ ತುಂಬಿದರೆ ಸಾಲದು. ಕಂಬಿಗಳ ಬರಿಯ ಕಬ್ಬಿಣ ಹೊರಗಿನ ಚಳಿಯನ್ನು ನೇರ ಒಳಗೆ ತರುತ್ತದೆ. ಉಸಿರಿನ ಹಬೆ ಅದಕ್ಕೆ ತಾಗಿ ನೀರಾಗುತ್ತದೆ, ಬೆಳಗಾಗುವಷ್ಟರಲ್ಲಿ ಸ್ಕ್ರೂ ತಲೆಗಳ ಮೇಲೆ ಬಿಳೀ ಹಿಮ. ಕಂಬಿಗಳ ಮೇಲೂ ಅರ್ಧ ಇಂಚು ಫೋಮ್ ಹಾಸಿ ಆಮೇಲೆ ಪ್ಲೈವುಡ್ ಹೊಡೆಯಿರಿ. ಹಬೆ ಹೊರಹೋಗಲು ಚಾವಣಿಯ ವೆಂಟ್ (ಗಾಳಿಕಿಂಡಿ) ಒಂದಿಂಚು ತೆರೆದೇ ಇರಲಿ.

ಡೀಸೆಲ್ ಹೀಟರ್ 2 ಕಿಲೋವ್ಯಾಟಿನದೇ ಸಾಕು. ದೊಡ್ಡದನ್ನು ಸದಾ ಸಣ್ಣ ಉರಿಯಲ್ಲಿಟ್ಟರೆ ಒಳಗೆ ಮಸಿ ಕಟ್ಟುತ್ತದೆ. ಹೊಗೆಕೊಳವೆ ಟ್ರೈಲರ್‌ನ ಅಂಚು ದಾಟಲಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಇಲ್ಲದೆ ಮಲಗಲೇಬೇಡಿ.

ಸಾಮಾನು ಬಿಗಿಯುವ ಡಿ-ರಿಂಗ್‌ಗಳನ್ನು ಬರೀ ಪ್ಲೈವುಡ್‌ಗೆ ಸ್ಕ್ರೂ ಮಾಡದೆ ಚಾಸಿಗೆ (ಟ್ರೈಲರ್‌ನ ಅಡಿಚೌಕಟ್ಟಿಗೆ) ಬೋಲ್ಟ್ ಹಾಕಿ. ಸಾಮಾನು ತುಂಬಿದ ಟ್ರೈಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮುಂದಿನ ಕೊಕ್ಕೆಯ ಮೇಲೆ ಬೀಳಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೈಲರ್ ಬಾಲ ಆಡಿಸುತ್ತದೆ.