ಒಂದರಿಂದ ನಾಲ್ಕನೇ ತರಗತಿಗೆ ಸರಳೆ ವರಸೆ: ಮೊದಲು ಶ್ರುತಿ ಸರಿಮಾಡಿಕೊಳ್ಳಿ

ಪ್ರಾಥಮಿಕ ಶಾಲೆಯಲ್ಲಿ ಸರಳೆ (ಕರ್ನಾಟಕ ಸಂಗೀತದ ಮೊದಲ ಸ್ವರಪಾಠ) ಶುರುವಾದ ವಾರದಲ್ಲೇ ‘ಅರ್ಧ ಮಕ್ಕಳು ಬೇಸುರ’ ಎಂಬ ತೀರ್ಪು ಬಂದುಬಿಡುತ್ತದೆ. ಮಕ್ಕಳ ಕಿವಿಯನ್ನು ದೂರುವ ಮೊದಲು ಮೇಷ್ಟ್ರು ಇಟ್ಟುಕೊಂಡ ಶ್ರುತಿ, ಅಂದರೆ ಆಧಾರಸ್ವರದ ಎತ್ತರ, ನೋಡಬೇಕು. ಗಂಡುದನಿಯವರು ಒಂದು, ಒಂದೂವರೆ ಮನೆಗೆ (ಹಾರ್ಮೋನಿಯಂನ ತಗ್ಗಿನ ಸಿ, ಸಿ ಶಾರ್ಪ್ ಕೀಲಿಗೆ) ಹಾಡುತ್ತಾರೆ. ಅದನ್ನು ಒಂದು ಸ್ಥಾಯಿ (ಸ ದಿಂದ ಮುಂದಿನ ಸ ವರೆಗಿನ ಅಂತರ) ಮೇಲೆ ಹಿಡಿಯಬೇಕೆಂದು ಎಷ್ಟೋ ಮಕ್ಕಳಿಗೆ ಹೊಳೆಯುವುದಿಲ್ಲ. ಅದೇ ತಗ್ಗಿಗೆ ಇಳಿಯಲು ಹೋಗಿ ಗೊರಗೊರ ಎನ್ನುತ್ತಾರೆ. ಹೆಂಗಸರ ಐದು, ಐದೂವರೆ ಮನೆಯಲ್ಲಿ (ಜಿ, ಜಿ ಶಾರ್ಪ್) ಈ ಗೊಂದಲ ಕಡಿಮೆ, ಆದರೂ ಷಡ್ಜ (ಸ) ಚಿಕ್ಕವರಿಗೆ ತಗ್ಗೇ.

ಆರರಿಂದ ಎಂಟು ವರ್ಷದವರು ಆರಾಮವಾಗಿ ಹಾಡುವುದು ಹೆಚ್ಚುಕಡಿಮೆ ಹಾರ್ಮೋನಿಯಂನ ನಡುವಿನ ಸಿ ಮನೆಯಿಂದ ಅದರ ಮೇಲಿನ ಎ ವರೆಗೆ. ಅಲ್ಲಿರುವುದು ಆರು ಬಿಳಿ ಮನೆ. ಸರಳೆಗೆ ತಾರಷಡ್ಜ (ಮೇಲಿನ ಸ) ಸೇರಿ ಎಂಟು ಸ್ವರ ಬೇಕು. ಆದ್ದರಿಂದ ಮೊದಲ ತಿಂಗಳು ಷಡ್ಜವನ್ನು ನಡುವಿನ ಸಿ ಅಥವಾ ಡಿ ಗೆ ಇಟ್ಟು ಪಂಚಮದವರೆಗೆ (ಪ) ಮಾತ್ರ ಹಾಡಿಸಿ. ಪೂರ್ತಿ ಸ್ಥಾಯಿಗೆ ಬಂದಾಗ ಷಡ್ಜವನ್ನು ಆರೂವರೆ ಅಥವಾ ಏಳನೇ ಮನೆಗೆ (ನಡುವಿನ ಸಿ ಕೆಳಗಿನ ಎ ಶಾರ್ಪ್ ಅಥವಾ ಬಿ) ಇಳಿಸಿದರೆ ದನಿ ಎರಡೂ ತುದಿಯಲ್ಲಿ ಸ್ವಲ್ಪವೇ ಚಾಚಬೇಕಾಗುತ್ತದೆ. ಗಂಡುದನಿಯವರು ತಮ್ಮ ಕಂಠದ ಬದಲು ಹಾರ್ಮೋನಿಯಂನಲ್ಲಿ ಸ್ವರ ತೋರಿಸಲಿ. ಅಥವಾ ಸರಿಯಾಗಿ ಹಿಡಿದ ಒಂದು ಮಗುವಿನ ದನಿಯೇ ಮಾದರಿಯಾಗಲಿ.

ಒಂದೇ ಸ್ವರಕ್ಕೆ ಅಂಟಿಕೊಂಡ ಮಗುವಿದ್ದರೆ ಅದು ಎಲ್ಲಿದೆಯೋ ಆ ಮನೆಯನ್ನೇ ಒತ್ತಿ. ದನಿ ಕೂಡಿದ ಅನುಭವ ಅದಕ್ಕೆ ಮೊದಲು ಆಗಬೇಕು. ಆಮೇಲೆ ಒಂದೊಂದೇ ಮನೆ ಮೇಲೆ ಕರೆದೊಯ್ಯಿರಿ. ‘ಊ’ ಎಂದು ಮೆಲ್ಲಗೆ ಹಾಡಿಸಿದರೆ ದನಿ ಬೇಗ ಮೇಲೇರುತ್ತದೆ. ‘ಜೋರಾಗಿ ಹೇಳಿ!’ ಎಂದಿರೋ, ಕಿರುಚಾಟ ಶುರು, ತಾರಷಡ್ಜ ಇಳಿದುಹೋಗುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಕಲಿತ ಈ ಕಿರುಚಾಟವನ್ನು ಬಿಡಿಸುವುದೇ ಅರ್ಧ ಕೆಲಸ.

ಪುರಂದರದಾಸರ ಪಾಠಕ್ರಮದಂತೆ ಸರಳೆ ಮಾಯಾಮಾಳವಗೌಳ ರಾಗದಲ್ಲಿ, ಅಂದರೆ 15ನೇ ಮೇಳದಲ್ಲಿ (ಮೂಲರಾಗದಲ್ಲಿ). ಇಲ್ಲಿ ತಪ್ಪುವುದು ಶುದ್ಧ ರಿಷಭ (ರಿ). ಅದು ಷಡ್ಜಕ್ಕೆ ಒತ್ತಿಕೊಂಡಿದೆ, ಗಾಂಧಾರಕ್ಕೆ (ಗ) ದೊಡ್ಡ ಅಂತರ. ಮಕ್ಕಳು ರಿಷಭವನ್ನು ಏರಿಸಿ ಆ ಅಂತರ ಸಮ ಮಾಡಿಬಿಡುತ್ತಾರೆ, ರಿಷಭ ಎತ್ತರವಿರುವ ಶಂಕರಾಭರಣ ರಾಗದ ವಾಸನೆ ಬರುತ್ತದೆ. ಆರೋಹಣದಲ್ಲಿ (ಸ್ವರ ಏರುವ ಕ್ರಮದಲ್ಲಿ) ತಿದ್ದಬೇಡಿ. ‘ಸ ರಿ ಸ’, ‘ಮ ಗ ಮ’ ಎಂದು ಜೋಡಿ ಜೋಡಿಯಾಗಿ ತೂಗಿಸಿ. ಪ ಮತ್ತು ದ, ನಿ ಮತ್ತು ಮೇಲಿನ ಸ ನಡುವೆಯೂ ಇದೇ ಚಿಕ್ಕ ಅಂತರ ಇರುವುದರಿಂದ ಕೆಳಗೆ ಕೂತದ್ದು ಮೇಲೂ ಕೂರುತ್ತದೆ.

ಆದಿತಾಳದಲ್ಲಿ ಲಘುವಿನ (ಒಂದು ತಟ್ಟು, ಮೂರು ಬೆರಳೆಣಿಕೆ) ನಾಲ್ಕು, ಎರಡು ದ್ರುತದ (ತಲಾ ಒಂದು ತಟ್ಟು, ಒಂದು ಹುಸಿ) ನಾಲ್ಕು, ಒಟ್ಟು ಎಂಟು ಅಕ್ಷರ, ಅಂದರೆ ಎಣಿಕೆ. ದ್ರುತದ ಹುಸಿಗೆ (ಅಂಗೈ ಮಗುಚುವ ಎಣಿಕೆಗೆ) ಸದ್ದಿಲ್ಲವಲ್ಲ, ಮಕ್ಕಳು ಅದನ್ನು ನುಂಗಿ ಏಳಕ್ಕೋ ಆರಕ್ಕೋ ಸಮಕ್ಕೆ (ತಾಳದ ಮೊದಲ ಎಣಿಕೆಗೆ) ಬಂದುಬಿಡುತ್ತಾರೆ. ಅಂಗೈ ಮಗುಚಿ ಹಿಂಬದಿಯನ್ನು ತೊಡೆಗೆ ತಟ್ಟಿಸಿ, ಸದ್ದು ಬರಲಿ. ಎರಡನೇ ಕಾಲದ (ಇಮ್ಮಡಿ ವೇಗದ) ತಪ್ಪು ಬೇರೆ: ಸ್ವರದ ಜೊತೆ ಕೈಯೂ ಓಡುತ್ತದೆ. ತರಗತಿಯನ್ನು ಎರಡು ಮಾಡಿ, ಒಂದು ಗುಂಪು ತಾಳ ಹಾಕುತ್ತಾ ಒಂದನೇ ಕಾಲದಲ್ಲಿ ಹಾಡಲಿ, ಇನ್ನೊಂದು ಅದೇ ತಾಳಕ್ಕೆ ಎರಡನೇ ಕಾಲ ಹಾಡಿ ಎರಡು ಸಲ ಮುಗಿಸಲಿ. ಮೂರನೇ ಕಾಲಕ್ಕೆ ಅವಸರ ಬೇಡ.

ಸ್ವರಪಾಠದ ನಂತರದ ಮೊದಲ ಹಾಡುಗಳಾದ ಪಿಳ್ಳಾರಿ ಗೀತೆಗಳ ಮಲಹರಿ ರಾಗಕ್ಕೆ ಹೋದಾಗ ಹೊಸ ತೊಡಕು. ಆರೋಹಣದಲ್ಲಿ ಗಾಂಧಾರವಿಲ್ಲ, ಆದರೆ ತಿಂಗಳುಗಟ್ಟಲೆ ‘ಸ ರಿ ಗ ಮ’ ಹೇಳಿದ ನಾಲಿಗೆ ಅದನ್ನು ತೂರಿಸುತ್ತದೆ. ಗೀತೆಗೆ ಮುಂಚೆ ‘ರಿ ಮ, ರಿ ಮ ಪ’ ಜಿಗಿತವನ್ನು ಪಾಠವಾಗಿಯೇ ಹಾಡಿಸಿ, ಗಾಂಧಾರವನ್ನು ‘ಮ ಗ ರಿ ಸ’ ಇಳಿಯುವಾಗ ಮಾತ್ರ ಕೊಡಿ.